ಬೊಮ್ಮ ಮತ್ತು ಬಾಗಿಲು ನಿಲ್ಲದ ಮೋಟಾರು

ಹೊನ್ನಾವರದ ಎದುರು ದಡದಲ್ಲಿರುವ ನಮ್ಮ ಕಾಸರಕೋಡಿನಲ್ಲಿ ಬೊಮ್ಮನಿಗೆ ಗೊತ್ತಿಲ್ಲದ ವಿಷಯ ಎಂಬುದೇ ಇರಲಿಲ್ಲ. ಬಾವಿಯ ನೀರು ಯಾಕೆ ಉಪ್ಪಾಯಿತು, ಮಾಮಲೇದಾರರಿಗೆ ಯಾಕೆ ವರ್ಗವಾಯಿತು, ನನ್ನ ಶಾಲೆಯ ಗಂಟೆ ಯಾಕೆ ಒಡಕು ದನಿ ಮಾಡುತ್ತದೆ, ಎಲ್ಲಕ್ಕೂ ಅವನ ಬಳಿ ಉತ್ತರ ತಯಾರಿರುತ್ತಿತ್ತು. ಆ ಉತ್ತರ ಯಾವಾಗಲೂ ‘ಬೊಂಬಾಯಿ ಗೋದೀಲಿ’ ಎಂದೇ ಶುರುವಾಗುತ್ತಿತ್ತು. ಗೋದಿ ಎಂದರೆ ಹಡಗು ರಿಪೇರಿ ಮಾಡುವ ಧಕ್ಕೆ. ಅಲ್ಲಿ ಅವನು ಆರು ವರ್ಷ ಗ್ಯಾಸ್ ವೆಲ್ಡಿಂಗ್ ಮಾಡಿದ್ದ. ಅರಬ್ಬೀ ಸಮುದ್ರದಲ್ಲಿ ತೇಲುವ ಹಡಗುಗಳೆಲ್ಲ ತನ್ನೊಬ್ಬನ ಕೈಗುಣದಿಂದಲೇ ತೇಲುತ್ತಿವೆ ಎಂಬ ಧಾಟಿಯಲ್ಲಿ ಮಾತಾಡುತ್ತಿದ್ದ. ನಾನು ಕನ್ನಡ ಶಾಲೆಯ ಮಾಸ್ತರ. ಮನೆ ಅವನ ಮನೆಯ ಪಕ್ಕದಲ್ಲೇ. ದಿನಾ ಸಂಜೆ ಇದನ್ನೆಲ್ಲ ಕೇಳುವ ಯೋಗ ನನ್ನ ಪಾಲಿಗೆ ಬಂದಿತ್ತು.

ಅವನ ಅಪ್ಪ ಸೋಮ ದೋಣಿ ಕಟ್ಟುವವನು. ಬೊಮ್ಮ ಮೀಸೆ ಮೂಡುವ ತನಕ ಅಪ್ಪನ ಜೊತೆ ಹಲಗೆ ಹಿಡಿದ, ಉಳಿ ಮಸೆದ. ಅಪ್ಪ ತೀರಿದ ಮೇಲೆ ಬೊಂಬಾಯಿಗೆ ಹೋದ. ನಡುವೆ ಒಮ್ಮೆ ಬಂದು ಹೆಬಳೆಯ ಗಂಗೆಯನ್ನು ಮದುವೆಯಾದ. ಮೂರು ವಾರಕ್ಕೆ ತಿರುಗಿ ಬೊಂಬಾಯಿ. ಅಲ್ಲಿಂದ ಮುಂದೆ ವರ್ಷಕ್ಕೆ ಹದಿನೈದು ದಿನ ಗಂಡ, ಉಳಿದ ದಿನ ಗೋಡೆಯ ಮೇಲಿನ ಫೋಟೋ. ಗಂಗೆ ಇದನ್ನು ಯಾರ ಮುಂದೂ ದೂರಿದವಳಲ್ಲ. ಆದರೆ ನನ್ನ ಹೆಂಡತಿ ಯಾವ ಮಾತಿಗಾದರೂ ‘ನಿನ್ನ ಗಂಡ’ ಎಂದರೆ ಸಾಕು, ಅವಳು ಅಂಗಳ ಗುಡಿಸಲು ಎದ್ದುಬಿಡುತ್ತಿದ್ದಳು. ಆ ಅಂಗಳದಷ್ಟು ಚೊಕ್ಕ ಅಂಗಳ ನಮ್ಮ ಕೇರಿಯಲ್ಲಿ ಬೇರೊಂದಿರಲಿಲ್ಲ.

೧೯೬೨ರ ಡಿಸೆಂಬರಿನಲ್ಲಿ ಬೊಮ್ಮ ಎರಡು ತಿಂಗಳ ರಜೆ ಹಾಕಿ ಬಂದ. ಜೊತೆಗೆ ಒಂದು ಗ್ಯಾಸಿನ ಸಿಲಿಂಡರು, ಕಾರ್ಬೈಡಿನ ಡಬ್ಬ, ಬೆಂಕಿ ಉಗುಳುವ ಹಿತ್ತಾಳೆಯ ಕೊಳವೆ. ಇಲ್ಲಿಯೇ ಕೆಲಸ ಸಿಕ್ಕಿದರೆ ಇಲ್ಲಿಯೇ ಉಳಿಯುವುದು, ಸಿಗದಿದ್ದರೆ ಜನವರಿ ಮುಗಿಯುತ್ತಲೂ ಗೋದಿಗೆ ವಾಪಸು. ಅಲ್ಲಿನ ಮೇಸ್ತ್ರಿ ಅಷ್ಟರ ತನಕ ಅವನ ಜಾಗ ಕಾದಿರಿಸಿದ್ದ. ಗಂಗೆ ಹಟ್ಟಿಯಲ್ಲಿದ್ದ ಸೌದೆಯನ್ನೆಲ್ಲ ಒಬ್ಬಳೇ ಹೊತ್ತು ಹೊರಗೆ ಹಾಕಿ ಜಾಗ ಮಾಡಿಕೊಟ್ಟಳು. ಅವಳು ಅಷ್ಟು ಚುರುಕಾಗಿ ಓಡಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೆಲಸವೇನೋ ಬಂತು. ಬಾವಿಯಿಂದ ನೀರು ಸೇದುವ ಎರಡು ಗಡಗಡೆ, ಒಂದು ಸೈಕಲ್ಲು, ಮತ್ತೆ ನನ್ನ ಶಾಲೆಯ ಗಂಟೆ. ಗಂಟೆ ಮೊದಲು ಒಡಕು ದನಿಯನ್ನಾದರೂ ಮಾಡುತ್ತಿತ್ತು. ಬೊಮ್ಮ ಬೆಸೆದ ಮೇಲೆ ಹಲಗೆಗೆ ಬಡಿದ ಹಾಗೆ ಕೇಳತೊಡಗಿತು. ‘ಬೊಂಬಾಯಿ ಗೋದೀಲಿ ಎಲ್ಲಾ ಗಂಟೆನೂ ಹೀಂಗೇ ಕೇಳೂದು ಮಾಸ್ತರ್ರೇ’ ಎಂದ. ಇವನು ಅಲ್ಲಿ ಕಸ ಗುಡಿಸುತ್ತಿದ್ದಿರಬೇಕು ಎಂದು ಊರವರು ಆಡಿಕೊಂಡರು. ಗಂಟೆಯ ದನಿ ಕೇಳಿದಾಗೆಲ್ಲ ನನಗೂ ಹಾಗೇ ಅನಿಸುತ್ತಿತ್ತು.

ನಿಜವಾದ ಕೆಲಸ ಇದ್ದದ್ದು ಹೊನ್ನಾವರದ ಮಾಸ್ತಿ ನಾಯ್ಕರ ಬಳಿ. ಅವರ ನಾಲ್ಕು ಲಾರಿಗಳು ಘಟ್ಟದ ಮೇಲಿನಿಂದ ನಾಟಾ ತರುತ್ತಿದ್ದವು. ಮರದ ಭಾರಕ್ಕೆ ತಿಂಗಳಿಗೊಂದು ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಬಿರಿಯುತ್ತಿತ್ತು. ಬೊಮ್ಮ ಹೋಗಿ ಕೇಳಿದ. ನಾಯ್ಕರು ಕವಳ ಜಗಿಯುತ್ತ, ‘ಗಡಗಡೆ ಹಚ್ಚಿದವ್ನ ಕೈಗೆ ಲಾರಿ ಕೊಡೂದು ಹ್ಯಾಂಗೆ ಮಾರಾಯ? ಮೋಟಾರಿಂದು ಒಂದು ದೊಡ್ಡ ಕೆಲ್ಸ ಮಾಡಿ ತೋರ್ಸು. ಮತ್ತೆ ನೋಡ್ವ’ ಎಂದು ಕಳಿಸಿದರು.

ಹೀಗಿರುವಾಗ ಭಟ್ಕಳದ ಡಾಕ್ಟರು ಸಿಕ್ಕಿದರು. ಡಾಕ್ಟರ್ ಶಾನಭಾಗರು ಒಳ್ಳೆಯ ಕೈಗುಣದವರು, ವಯಸ್ಸು ನಲವತ್ತರ ಹತ್ತಿರ. ಆದರೆ ತಮ್ಮ ಕೆಂಪು ಮೋಟಾರಿನಲ್ಲಿ ಕೂತರೆ ಹದಿನೆಂಟಕ್ಕೆ ಇಳಿದುಬಿಡುತ್ತಿದ್ದರು. ಎರಡೇ ಸೀಟಿನ, ತಲೆಯ ಮೇಲೆ ಮಾಡು ಇಲ್ಲದ ವಿಲಾಯತಿ ಗಾಡಿ ಅದು. ಯಾವ ಕಂಪನಿಯದು ಎನ್ನಲು ಮೂತಿಯ ಮೇಲಿನ ಬಿಲ್ಲೆ ಎಂದೋ ಬಿದ್ದುಹೋಗಿತ್ತು. ಬೊಂಬಾಯಿಯಲ್ಲಿ ಯಾರೋ ರೇಸಿಗೆಂದು ಓಡಿಸಿ ಬಿಟ್ಟದ್ದನ್ನು ಇವರು ಮೂರು ವರ್ಷದ ಹಿಂದೆ ತಂದಿದ್ದರು. ಇಂಜಿನು ಗಟ್ಟಿ, ಓಟ ಜೋರು. ಬಾಗಿಲು ಮಾತ್ರ ನಿಲ್ಲುತ್ತಿರಲಿಲ್ಲ. ಹೊಳೆ ದಾಟಲು ನಮ್ಮಲ್ಲಿ ಆಗ ಸೇತುವೆ ಎಲ್ಲಿತ್ತು? ಜೋಡಿ ದೋಣಿಯ ಮೇಲೆ ಹಲಗೆ ಹಾಸಿದ ಜಂಗಲ್ಲೇ ಗತಿ. ಮುಂದಿನ ಗಾಲಿ ಜಂಗಲ್ಲಿನ ಹಲಗೆ ಹತ್ತಿದ ಕೂಡಲೇ ಎಡಬಾಗಿಲು ತನ್ನಷ್ಟಕ್ಕೆ ತೆರೆದುಕೊಳ್ಳುತ್ತಿತ್ತು. ಜಂಗಲ್ಲಿನವರು ‘ಡಾಕ್ಟ್ರು ಇಳೀತಾರೆ, ದಾರಿ ಬಿಡಿ’ ಎಂದು ನಗುತ್ತಿದ್ದರು. ಒಮ್ಮೆ ಔಷಧಿಯ ಚೀಲವೇ ಹೊಳೆಗೆ ಬಿತ್ತು. ಶಿರಾಲಿಯ ತಿರುವಿನಲ್ಲಿ ಕಂಪೌಂಡರ ನಾಗು ಅರ್ಧ ಹೊರಗೆ ಜೋತುಬಿದ್ದ. ಆ ಮೇಲೆ ಅವನು ಎಲ್ಲಿಗೆ ಹೋಗುವುದಿದ್ದರೂ ಬಸ್ಸಿಗೇ ಹೋದ.

ಆ ಜನವರಿಯ ಕೊನೆಯ ಆದಿತ್ಯವಾರ ಹುಬ್ಬಳ್ಳಿಯ ಕೆಲವು ಮೋಟಾರು ಹುಚ್ಚರು ಕುಮಟೆಯ ಮೇಲಿನ ದೇವಿಮನೆ ಘಟ್ಟದಲ್ಲಿ ಒಂದು ಪಂದ್ಯ ಇಟ್ಟಿದ್ದರು. ಘಟ್ಟದ ಬುಡದಿಂದ ತುದಿಗೆ ಯಾರು ಬೇಗ ಹತ್ತುತ್ತಾರೆ ಎಂದು ಗಡಿಯಾರ ಹಿಡಿದು ನೋಡುವುದು. ಡಾಕ್ಟರಿಗೆ ಅದರಲ್ಲಿ ಓಡಿಸುವ ಆಸೆ. ಆದರೆ ಘಟ್ಟದ ತಿರುವಿಗೆ ಬಾಗಿಲು ತೆರೆದರೆ ಮೋಟಾರು ಮೇಲೆ, ಡಾಕ್ಟರು ಕೆಳಗೆ. ಕುಮಟೆಯ ಗ್ಯಾರೇಜಿನಲ್ಲಿ ಕೇಳಿದರೆ ಬೀಗ ಬದಲಿಸಿ ಎಂದರು. ಬೀಗ ಮೂರು ಸಲ ಬದಲಿಸಿಯಾಗಿತ್ತು.

ಜಂಗಲ್ಲಿಗೆ ಕಾಯುತ್ತಿದ್ದ ಡಾಕ್ಟರ ಹತ್ತಿರ ಹೋಗಿ, ಕೇಳದೆಯೇ ಸಲಹೆ ಕೊಟ್ಟವನು ಬೊಮ್ಮ. ‘ಬಾಗ್ಲದ ತಪ್ಪಲ್ಲ ಡಾಕ್ಟ್ರೇ. ಅಡಿಗಿನ ಚಾಸಿ ಬಳುಕ್ತದೆ. ಮಾಡು ಇಲ್ಲದ ಗಾಡಿ, ಮೇಲಿಂದ ಹಿಡ್ಕಣುಕೆ ಎಂತ ಇಲ್ಲ. ಹಳೇ ದೋಣಿ ಅಲೆ ಮೇಲೆ ಹೋದಾಗ ಹಲಗೆ ಬಾಯಿ ಬಿಡೂದಿಲ್ವ, ಹಾಂಗೆ. ಅಡಿಗೆ ಪಕ್ಕೆ ಕೊಟ್ಟು ಬಿಗಿ ಮಾಡಿದ್ರೆ ಬಾಗ್ಲ ಬಾಯಿ ಮುಚ್ಕಂಡು ಕೂರ್ತದೆ.’

ಅವನನ್ನು ಎಷ್ಟೇ ಗೇಲಿ ಮಾಡಿದರೂ, ಆ ಮಾತು ಸತ್ಯವಾಗಿತ್ತು ಎಂಬುದನ್ನು ನಾನು ಒಪ್ಪಲೇಬೇಕು. ಡಾಕ್ಟರೂ ಒಪ್ಪಿದರು. ಸೋಮವಾರ ಬೆಳಿಗ್ಗೆ ಮೋಟಾರು ಬೊಮ್ಮನ ಹಟ್ಟಿಯ ಮುಂದೆ ಬಂದು ನಿಂತಿತು. ಶನಿವಾರ ಸಂಜೆಗೆ ತಯಾರಾಗಬೇಕು. ಸುದ್ದಿ ಹೊಳೆ ದಾಟಿ ಮಾಸ್ತಿ ನಾಯ್ಕರಿಗೂ ಮುಟ್ಟಿತು. ‘ಆ ಗಾಡಿ ಘಟ್ಟ ಹತ್ತಿ ಬರ್ಲಿ. ಬಾಗ್ಲ ನಿಂತ್ರೆ ಲಾರಿ ಅವ್ನಿಗೇ’ ಎಂದರಂತೆ. ಗಂಗೆ ಅದನ್ನು ಕೇಳಿ ಅಂಗಳವನ್ನು ಎರಡು ಸಲ ಗುಡಿಸಿದಳು.

ಬೊಮ್ಮನ ಲೆಕ್ಕಾಚಾರ ಹೀಗಿತ್ತು. ಮೋಟಾರಿನ ಅಡಿಯಲ್ಲಿ ಮೂತಿಯಿಂದ ಬಾಲದ ತನಕ ಎರಡು ಉದ್ದ ಕಬ್ಬಿಣದ ತೊಲೆ. ಅವು ದನಕ್ಕೆ ನೀರಿಡುವ ಮರಿಗೆಯ ಹಾಗೆ ಒಂದು ಮಗ್ಗುಲು ತೆರೆದು ಪೊಳ್ಳು. ಆ ತೆರೆದ ಮಗ್ಗುಲಿಗೆ ತಗಡು ಬೆಸೆದು ಪೆಟ್ಟಿಗೆಯಂತೆ ಮುಚ್ಚುವುದು. ಎರಡೂ ತೊಲೆಗಳ ನಡುವೆ ಕತ್ತರಿಯ ಆಕಾರದಲ್ಲಿ ಎರಡು ಪಟ್ಟಿ ಅಡ್ಡ ಹಾಕುವುದು. ಬಾಗಿಲ ಕಂಬಗಳ ಬುಡಕ್ಕೆ ಮೂಲೆಗಟ್ಟು ಕೊಡುವುದು. ಕಬ್ಬಿಣಕ್ಕೆ ಹಳೆಯ ಜಂಗಲ್ಲಿನ ಪಟ್ಟಿಗಳಿದ್ದವು. ತಗಡು ಕತ್ತರಿಸಲು ಅಳತೆಯ ದಪ್ಪ ಕಾಗದ ಬೇಕೆಂದು ನನ್ನ ಶಾಲೆಗೆ ಬಂದ. ಗೋಡೆಯಲ್ಲಿ ಬೊಂಬಾಯಿ ಪ್ರಾಂತ್ಯದ ಬಟ್ಟೆ ಹಚ್ಚಿದ ನಕ್ಷೆ ತೂಗುತ್ತಿತ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿ ಆರು ವರ್ಷವಾಗಿದ್ದರಿಂದ ಅದು ಸರಕಾರದ ಲೆಕ್ಕದಲ್ಲಿ ಸುಳ್ಳು ನಕ್ಷೆ. ಬೊಮ್ಮ ಅದನ್ನು ಹಟ್ಟಿಗೆ ಒಯ್ದು, ಚಾಸಿಯ ಅಡಿಗೆ ಹಿಡಿದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದ. ಎಡ ಮೂಲೆಗಟ್ಟಿಗೆ ಸಾತಾರಾ ಜಿಲ್ಲೆ ಹೋಯಿತು, ಬಲಕ್ಕೆ ನಾಸಿಕ. ನಮ್ಮ ಕಾರವಾರ ಜಿಲ್ಲೆಯನ್ನು ಮಾತ್ರ ಕತ್ತರಿಸಬೇಡ ಎಂದು ಗದರಿಸಿ ಉಳಿಸಿಕೊಂಡೆ.

ಅಡಿಗೆ ಮಲಗಿ ಕೆಲಸ ಮಾಡಬೇಕಾದರೆ ಗಾಡಿ ಮೇಲೇಳಬೇಕು. ಹನ್ನೆರಡು ಜನ ಸೇರಿ ‘ಹೈಸೊ’ ಎಂದು ಎತ್ತಿದರು. ಬೊಮ್ಮ ತೆಂಗಿನ ಕೊರಡುಗಳನ್ನು ಹೊಟ್ಟೆಯ ನಡುವಿಗೆ ಕೊಟ್ಟ, ಅವನ ಅಪ್ಪ ದಡದಲ್ಲಿ ದೋಣಿಗೆ ಕೊಡುತ್ತಿದ್ದ ಹಾಗೆಯೇ. ಮೂತಿಯ ಇಂಜಿನು, ನಾಲ್ಕು ಗಾಲಿ, ಬಾಲದ ಪೆಟ್ರೋಲಿನ ಟಾಕಿ ಎಲ್ಲ ಅತ್ತಿತ್ತ ಗಾಳಿಯಲ್ಲಿ ತೂಗಿದವು. ನೋಡಲು ಚಂದ ಕಂಡಿತು. ನಮ್ಮ ಊರಿನವರ ಕಣ್ಣಿಗೆ ದಡಕ್ಕೆ ಎಳೆದು ಕೊರಡಿನ ಮೇಲಿಟ್ಟ ವಸ್ತು ಯಾವುದಾದರೂ ಚಂದವೇ. ಯಾರಿಗೂ ಅದು ತಪ್ಪೆನಿಸಲಿಲ್ಲ.

ಮೂರು ದಿನ ನೀಲಿ ಬೆಂಕಿ ಉರಿಯಿತು. ಬೊಮ್ಮನ ಹುಬ್ಬು ಸುಟ್ಟು ಅರ್ಧವಾಯಿತು. ಗುರುವಾರ ಬೆಳಿಗ್ಗೆ ಗಾಡಿ ಇಳಿಸುವಾಗ ಕೇರಿಯೆಲ್ಲ ನೆರೆದಿತ್ತು; ನಾನು ಶಾಲೆಗೆ ಹೋಗುವ ದಾರಿಯಲ್ಲಿ ಎಂದು ಹೇಳಿಕೊಂಡು ನಿಂತಿದ್ದೆ, ಶಾಲೆ ಇದ್ದದ್ದು ಎದುರು ದಿಕ್ಕಿಗೆ. ಇಳಿಸಿದರು. ಬೊಮ್ಮ ಕೈ ಒರೆಸಿಕೊಂಡು ಎಡಬಾಗಿಲನ್ನು ಮುಚ್ಚಿದ. ಅದು ಮೆಲ್ಲಗೆ ತಿರುಗಿ ಬಂತು. ಜೋರಾಗಿ ಮುಚ್ಚಿದ. ಜೋರಾಗಿ ತಿರುಗಿ ಬಂತು. ಬೀಗದ ನಾಲಗೆಗೂ ಕಂಬದ ಕೊಂಡಿಗೂ ನಡುವೆ ಒಂದು ಬೆರಳಿನಷ್ಟು ಸಂದು. ಬಲಬಾಗಿಲಿಗೆ ಹೋದ. ಮೂರು ವರ್ಷದಲ್ಲಿ ಒಂದು ಸಲವೂ ತೊಂದರೆ ಕೊಡದ ಬಲಬಾಗಿಲೂ ಕೂಡುತ್ತಿರಲಿಲ್ಲ.

‘ಮೊದ್ಲು ಒಂದಾದ್ರೂ ನಿಲ್ತಿತ್ತು’ ಎಂದರು ಯಾರೋ. ನಗು ಎದ್ದಿತು. ನಾನೂ ನಕ್ಕೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಬೊಮ್ಮ ಬಾಗಿಲ ತಿರುಗುಣಿಯನ್ನು ಬೈದ, ಬೀಗವನ್ನು ಬೈದ, ಸೋವಿ ಕಬ್ಬಿಣ ಎಂದ. ಅರ ಹಿಡಿದು ಕೊಂಡಿ ಉಜ್ಜಿದ. ಜನ ಒಬ್ಬೊಬ್ಬರಾಗಿ ಚದುರಿದರು. ಮಧ್ಯಾಹ್ನ ನಾನು ಮನೆಗೆ ಬಂದಾಗ ಅವನು ಕೊರಡಿನ ಮೇಲೆ ಕೂತಿದ್ದ. ನನ್ನನ್ನು ನೋಡದೆಯೇ, ‘ಬುಧವಾರದ ಬಸ್ಸಿಗೆ ಹೋತೆ ಮಾಸ್ತರ್ರೇ. ಗೋದೀಲಿ ಜಾಗ ಅದೆ’ ಎಂದ. ಅಂದು ಆ ಮಾತಿನಲ್ಲಿ ಜಂಬ ಇರಲಿಲ್ಲ.

ಗಂಗೆ ಗಂಜಿ ತಂದವಳು ತಟ್ಟೆ ಕೆಳಗಿಟ್ಟಳು. ಮೋಟಾರಿನ ಸುತ್ತ ಒಂದು ಸುತ್ತು ಬಂದಳು. ಆ ಮೇಲೆ ನನ್ನ ಕಡೆ ತಿರುಗಿ, ಗಂಡನಿಗೆ ಕೇಳುವ ಹಾಗೆ ಮಾತಾಡಿದಳು.

‘ಮಾಸ್ತರ್ರೇ, ನಂಗೆ ಗೊತ್ತಾಗೂದಿಲ್ಲ, ಕೇಳ್ತೆ. ಮಾವ ದೋಣಿಗೆ ನಡೂ ಮಧ್ಯ ಕೊರಡು ಕೊಡ್ತಿದ್ರಂತೆ, ಸಮ. ದೋಣಿ ನೀರಿಗೆ ಇಳಿದ್ಮೇಲೆ ನೀರು ಅದ್ನ ಪೂರಾ ಹೊರ್ತದೆ. ಈ ಗಾಡಿಗೆ ನಾಲ್ಕೇ ಕಾಲಲ್ದಾ? ಮೂತಿಲಿ ಎರಡು, ಬಾಲದಲ್ಲಿ ಎರಡು. ನಡೂ ಮಧ್ಯ ಎತ್ತಿ ಹಿಡ್ದು ಬೆಸ್ದ್ರೆ ಬೆನ್ನು ಉಬ್ಬಿ ಹಾಂಗೇ ನಿಲ್ತದೆ. ಅದ್ರ ಕಾಲ ಮೇಲೆ ಅದ್ನ ನಿಲ್ಸಿ ಹಚ್ಚುಕೆ ಆಗೂದಿಲ್ವ?’

ನಾನು ಬೊಮ್ಮನ ಮುಖ ನೋಡಿದೆ. ‘ಬೊಂಬಾಯಿ ಗೋದೀಲಿ’ ಎಂದು ಶುರುವಾಗುವುದನ್ನು ಕಾದೆ. ಅವನು ಎದ್ದು ಹೋಗಿ ಮೋಟಾರಿನ ಮಗ್ಗುಲಿಗೆ ಕುಕ್ಕುರುಗಾಲಲ್ಲಿ ಕೂತು, ತೊಲೆಯ ಗುಂಟ ದಾರ ಎಳೆದು ನೋಡಿದ. ಕಬ್ಬಿಣ ನಡುವಿನಲ್ಲಿ ಉಬ್ಬಿ, ಬಾಗಿಲ ಕಂಬಗಳನ್ನು ಆಚೀಚೆ ದೂಡಿತ್ತು. ಗಂಜಿ ಆರಿ ಕೆನೆ ಕಟ್ಟಿತು. ಅರ್ಧ ತಾಸಿನ ಮೇಲೆ ಎದ್ದು ಬಂದು ಗಂಭೀರವಾಗಿ, ‘ಮಾಸ್ತರ್ರೇ, ನಂಗೊಂದು ಹೊಳೀತು’ ಎಂದ. ಗಂಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಮೂರು ದಿನದ ಬೆಸುಗೆಯನ್ನು ಅವನು ಆ ಸಂಜೆಯೇ ಕೊಯ್ಯತೊಡಗಿದ. ಗರಗಸದ ಅಲಗು ಮುರಿದರೆ ಇನ್ನೊಂದು, ಅದೂ ಮುರಿದರೆ ಉಳಿ. ಶುಕ್ರವಾರ ಬೆಳಿಗ್ಗೆ ನಾಲ್ಕು ಗಾಲಿಗಳ ಕೆಳಗೆ ಚಿರೇಕಲ್ಲು ಪೇರಿಸಿ, ಗಾಡಿಯನ್ನು ಅದರ ಕಾಲ ಮೇಲೆಯೇ ಎತ್ತರಿಸಿದ. ಪೆಟ್ರೋಲಿನ ಟಾಕಿ ಕಳಚಿ, ಅಷ್ಟೇ ಭಾರದ ಮರಳಿನ ಚೀಲವನ್ನು ಅದರ ಜಾಗಕ್ಕೆ ಕಟ್ಟಿದ. ಆಗ ಗಂಗೆ ಒಳಗಿನಿಂದಲೇ, ಓಡಿಸುವವರ ಭಾರವೂ ಇರಬೇಕಲ್ಲ ಎಂದಳು. ಡಾಕ್ಟರ ಗಾತ್ರದವರು ಊರಲ್ಲಿ ಯಾರಿದ್ದಾರೆ ಎಂದು ಬೊಮ್ಮ ಸುತ್ತ ನೋಡಿದ. ಅವನ ಕಣ್ಣು ನನ್ನ ಹೊಟ್ಟೆಯ ಮೇಲೆ ನಿಂತಿತು.

ಹಾಗೆ ನಾನು ಎರಡು ದಿನ ಆ ಮೋಟಾರಿನಲ್ಲಿ ಕೂತೆ. ಸೀಟು ಕಳಚಿ ಹಲಗೆ ಹಾಕಿದ್ದರು. ಪಕ್ಕದಲ್ಲಿ ಕಂಪೌಂಡರ ನಾಗುವಿನ ಬದಲಿಗೆ ಒಂದು ಭತ್ತದ ಚೀಲ. ಕೆಳಗೆ ಬೆಂಕಿ ಬುಸುಗುಟ್ಟುತ್ತಿತ್ತು. ಹಲಗೆ ಬಿಸಿಯಾಗಿ ನಾನು ಒಂದು ಚೂರು ಜರುಗಿದರೆ ‘ಅಳ್ಳಾಡ್ಬೇಡಿ ಮಾಸ್ತರ್ರೇ, ಚಾಸಿ ಅಳ್ಳಾಡ್ತದೆ’ ಎಂಬ ದನಿ ಬರುತ್ತಿತ್ತು. ಎರಡನೇ ಇಯತ್ತೆಯ ಮಕ್ಕಳನ್ನು ಅಲ್ಲಿಗೇ ಕರೆಸಿ, ಕೂತಲ್ಲಿಂದಲೇ ಮಗ್ಗಿ ಒಪ್ಪಿಸಿಕೊಂಡೆ. ಶಾಲೆ ತಪಾಸಣೆಯ ಸಾಹೇಬರು ಆ ದಿನ ಬರದಿದ್ದದ್ದು ನನ್ನ ಪುಣ್ಯ. ಪ್ರತಿ ಬೆಸುಗೆಯ ನಂತರ ಬೊಮ್ಮ ಹೊರಬಂದು ಬಾಗಿಲು ಮುಚ್ಚಿ ತೆರೆದು ನೋಡುತ್ತಿದ್ದ. ಸಂದು ಸಮ ಇದ್ದರೆ ಮಾತ್ರ ಮುಂದಿನದು.

ಶನಿವಾರ ಸಂಜೆ ಬಾಗಿಲು ‘ಟಕ್’ ಎಂದು ಕೂತಿತು. ಬೊಮ್ಮ ಹದಿನೇಳು ಸಲ ಮುಚ್ಚಿ ತೆರೆದ. ನಾನು ಒಳಗೇ ಇದ್ದುದರಿಂದ ಎಣಿಸುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಆದಿತ್ಯವಾರ ನಸುಕಿಗೆ ಡಾಕ್ಟರು ಗಾಡಿಯನ್ನು ಜಂಗಲ್ಲಿಗೆ ಹತ್ತಿಸಿದರು. ಮುಂದಿನ ಗಾಲಿ ಹಲಗೆಗೆ ಬಿತ್ತು, ಮೂತಿ ಎದ್ದಿತು, ಜಂಗಲ್ಲಿನವರು ಅಭ್ಯಾಸದಿಂದ ಎಡಕ್ಕೆ ಸರಿದು ನಿಂತರು. ಬಾಗಿಲು ಅಲುಗಲಿಲ್ಲ. ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು.

ಬೊಮ್ಮ, ನಾನು ಮಾಸ್ತಿ ನಾಯ್ಕರ ಲಾರಿಯಲ್ಲಿ ದೇವಿಮನೆಗೆ ಹೋದೆವು. ನಾಯ್ಕರೂ ದಾರಿಯುದ್ದಕ್ಕೂ ಕವಳ ಜಗಿಯುತ್ತ ಕೂತಿದ್ದರು. ಪಂದ್ಯದಲ್ಲಿ ಹನ್ನೊಂದು ಗಾಡಿಗಳು. ನಮ್ಮ ಡಾಕ್ಟರು ಒಂಬತ್ತನೆಯವರಾಗಿ ಬಂದರು. ಗಾಡಿಯ ತಪ್ಪಲ್ಲ. ಅರ್ಧ ಘಟ್ಟದಲ್ಲಿ ಅವರ ಹಳೆಯ ರೋಗಿಯೊಬ್ಬ ಕೈ ಬೀಸಿದನಂತೆ, ಇವರು ನಿಲ್ಲಿಸಿ ಕೆಮ್ಮು ಹೇಗಿದೆ ಎಂದು ವಿಚಾರಿಸಿ ಬಂದರಂತೆ. ಆದರೆ ಎಲ್ಲ ತಿರುವುಗಳಲ್ಲೂ ಎರಡು ಬಾಗಿಲೂ ಕೂತಲ್ಲಿ ಕೂತಿದ್ದವು. ಗಾಡಿ ಮೊದಲಿನ ಹಾಗೆ ಬಳುಕುವುದಿಲ್ಲ, ತಿರುಗಿಸಿದ ಕಡೆ ತಿರುಗುತ್ತದೆ ಎಂದು ಡಾಕ್ಟರು ಗೆದ್ದವರಿಗಿಂತ ಹೆಚ್ಚು ಖುಷಿಪಟ್ಟರು.

ಮಾಸ್ತಿ ನಾಯ್ಕರು ಹೊಗಳಿಕೆಗೆ ಕಿವಿಗೊಡಲಿಲ್ಲ. ಒಂದು ಗೋಣಿಚೀಲ ಹಾಸಿ, ಪಂಚೆ ಎತ್ತಿ ಕಟ್ಟಿ, ಮೋಟಾರಿನ ಅಡಿಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವರು ಕೈಯ ಮಣ್ಣು ಝಾಡಿಸುತ್ತ ಕೇಳಿದರು: ‘ಹೊಸ ಬೆಸುಗೆ ಪಕ್ಕ ಕೊಯ್ದ ಗಾಯ ಅದೆ. ಎಲ್ಲಾ ಕಡೆ ಅದೆ. ಅದೆಂತದು?’

ಬೊಮ್ಮನಿಗೆ ಉತ್ತರ ಕಟ್ಟುವುದು ಎಷ್ಟು ಸುಲಭ ಎಂದು ನನಗೆ ಗೊತ್ತಿತ್ತು. ಗೋದಿಯ ಕ್ರಮವೇ ಹಾಗೆ, ಮೊದಲು ಕಚ್ಚಾ ಬೆಸುಗೆ, ಆ ಮೇಲೆ ಪಕ್ಕಾ ಎಂದುಬಿಟ್ಟರೆ ನಾಯ್ಕರಿಗೇನು ಗೊತ್ತಾಗಬೇಕು? ಸುಳ್ಳಾಡಲಿ ಎಂದೇ ನಾನು, ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಎಂದು ಬರೆಸುವ ಮಾಸ್ತರ, ಮನಸ್ಸಿನಲ್ಲಿ ಬೇಡಿಕೊಂಡೆ.

‘ಮೊದ್ಲು ಹಚ್ಚಿದ್ದು ತಪ್ಪಾಗಿತ್ತು’ ಎಂದ ಬೊಮ್ಮ. ‘ದೋಣಿಗೆ ಕೊಟ್ಟ ಹಾಂಗೆ ನಡೂಗೆ ಕೊರಡು ಕೊಟ್ಟಿದ್ದೆ. ಪೂರಾ ಕೊಯ್ದು ಮತ್ತೆ ಮಾಡ್ದೆ.’

‘ತಪ್ಪು ಅಂತ ಯಾರು ಹೇಳಿದ್ರು?’

ಬೊಮ್ಮ ನೆಲ ನೋಡಿದ. ‘ನಮ್ಮನೆಯವ್ಳು.’

ನಾಯ್ಕರು ಕವಳ ಉಗಿದು ಬಂದರು. ‘ಬೇರೆ ಕಡೆ ತಪ್ಪಿದ್ರ ಮೇಲೆ ಬಣ್ಣ ಬಳ್ದು ಕೊಡ್ತಾರೆ. ಮತ್ತೆ ಘಟ್ಟದ ಮಧ್ಯ ಬಿರೀತದೆ. ನನ್ನ ಒಬ್ಬ ಡ್ರೈವರ್ ಹೋದದ್ದು ಹಾಂಗೇ. ಆತು, ಮಂಗ್ಳವಾರ ಒಂದು ಲಾರಿ ಕಳಿಸ್ತೆ. ಹಚ್ಚೂಕಿಂತ ಮೊದ್ಲು ಮನೇಲಿ ಒಂದು ಮಾತು ಕೇಳು’ ಎಂದರು.

ಆ ಮೇಲೆ ಇಪ್ಪತ್ತು ವರ್ಷ ಹೊನ್ನಾವರ, ಕುಮಟೆ, ಭಟ್ಕಳದ ಎಷ್ಟೋ ಲಾರಿಗಳ ಬೆನ್ನುಮೂಳೆ ಆ ಹಟ್ಟಿಯಲ್ಲಿ ನೆಟ್ಟಗಾಯಿತು. ಅಂದು ಮಾತ್ರ ದೇವಿಮನೆಯಿಂದ ಇಳಿಯುವಷ್ಟರಲ್ಲಿ ಬೊಮ್ಮ ಮೊದಲಿನ ಬೊಮ್ಮನೇ ಆಗಿದ್ದ; ಕುಮಟೆ ದಾಟುವ ಮುಂಚೆ ಡ್ರೈವರನಿಗೆ ಗೇರು ಹಾಕುವುದು ಹೇಗೆಂದು ಕಲಿಸತೊಡಗಿದ್ದ.

ಮರುದಿನ, ಸೋಮವಾರ ಸಂಜೆ, ಅವನು ನನ್ನನ್ನು ಮನೆಗೆ ಕರೆದ. ಗೋದಿಯ ಮೇಸ್ತ್ರಿಗೆ ಕಾಗದ ಬರೆಯಬೇಕಿತ್ತು. ತಾನು ಇನ್ನು ಬರುವುದಿಲ್ಲ, ಊರಲ್ಲೇ ಕೆಲಸವಾಗಿದೆ, ಜಾಗವನ್ನು ಬೇರೆಯವರಿಗೆ ಕೊಡಬಹುದು ಎಂದು. ನಾಲ್ಕು ಸಾಲಿನ ಆ ಕಾಗದಕ್ಕೆ ಅವನು ನಲವತ್ತು ಸಲಹೆ ಕೊಟ್ಟ. ಬರೆದು ಮುಗಿಸಿ ಓದಿ ಹೇಳಿದೆ. ಅವನು ತಲೆಯಾಡಿಸಿ ಸಿಲಿಂಡರು ನೋಡಲು ಹಟ್ಟಿಗೆ ಹೋದ.

ಬಾಗಿಲ ಸಂದಿನಲ್ಲಿ ನಿಂತಿದ್ದ ಗಂಗೆ ಹತ್ತಿರ ಬಂದಳು. ಅವಳಿಗೆ ಓದು ಬರುತ್ತಿರಲಿಲ್ಲ.

‘ಇನ್ನೊಂದ್ಸಲ ಓದಿ ಮಾಸ್ತರ್ರೇ’ ಎಂದಳು.

ಓದಿದೆ. ಅವಳು ಕಾಗದದ ಮೇಲೆ ಬಾಗಿದಳು.

‘ಬರೂದಿಲ್ಲ ಅಂತ ಬರ್ದದ್ದು ಎಲ್ಲಿ ಅದೆ?’

ತೋರಿಸಿದೆ. ಶಾಯಿ ಆರಿರಲಿಲ್ಲ. ಅವಳು ಆ ಪದದ ಪಕ್ಕದಲ್ಲಿ ಮೆಲ್ಲಗೆ ಬೆರಳಿಟ್ಟು, ಅಕ್ಷರ ಅಳಿಯದ ಹಾಗೆ ನೋಡಿಕೊಂಡು, ಅಲ್ಲೇ ಕೂತಳು. ಟಪಾಲಿನ ಹೊತ್ತು ಮೀರುತ್ತದೆ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ, ಕಾಗದ ಮರುದಿನ ಹೋಯಿತು.